ಇಳಿಸಿದ ಮೇಲೆ

ಬಿಚ್ಚಿದ ಗೇರ್ ಬಾಕ್ಸನ್ನು ಗೋಣಿಚೀಲದ ಮೇಲೆ ಇಟ್ಟಿದ್ದರು. ಹಾಶಿಂ ಅದನ್ನು ನೋಡದೆ ಕೂತಿದ್ದ. ನೋಡದೆ ಕೂರುವುದಕ್ಕೂ ಮೈಯ ಶಕ್ತಿ ಖರ್ಚಾಗುತ್ತದೆಂದು ಅವನಿಗೆ ಈಚೆಗೆ ತಿಳಿದಿತ್ತು. ಕತ್ತಿನ ನರ ಸೆಟೆಯುತ್ತಿತ್ತು, ಎದುರಿನ ಗೋಡೆಯ ಎಣ್ಣೆಕಲೆ ದಿಟ್ಟಿಸಿದಷ್ಟೂ ಯಾರದೋ ಮುಖವಾಗಲು ಹವಣಿಸುತ್ತಿತ್ತು. ಕೊಡಿಯಾಲ್‌ಬೈಲಿನ ಈ ಶೋರೂಮಿನ ಮುಂದಿನ ಹಾಲಿನಲ್ಲಿ ಬೆತ್ತದ ಕುರ್ಚಿಗಳಿವೆ, ತಲೆಯ ಮೇಲೆ ಫ್ಯಾನಿದೆ. ಕಳೆದ ವರ್ಷ ಕಾರು ಕೊಳ್ಳಲು ಬಂದ ದಿನ ಅವನನ್ನು ಅಲ್ಲೇ ಕೂರಿಸಿ, ಮ್ಯಾನೇಜರ್ ಬಾಸಿಲ್ ಪೊರ್ಬುಗಳು ತಾವೇ ಎದ್ದು ಬಂದು, ಸೋಡಾದ ಗೋಲಿಯನ್ನು ಹೆಬ್ಬೆರಳಿನಿಂದ ಒಳಗೆ ಒತ್ತಿ ಬಾಟಲಿಯನ್ನು ಕೈಗೆ ಕೊಟ್ಟಿದ್ದರು. ಇವತ್ತು ಹಿಂದಿನ ವರ್ಕ್‌ಶಾಪಿನಲ್ಲಿ ಹಳೆಯ ಟಯರೊಂದರ ಮೇಲೆ ಕೂತಿದ್ದ. ಕೂರು ಎಂದು ಯಾರೂ ಹೇಳಿರಲಿಲ್ಲ. ಅವನಾಗಿಯೇ ಹೋಗಿ ಅದರ ಮೇಲೆ ಕೂತ, ಯಾರೂ ಬೇಡ ಅನ್ನಲಿಲ್ಲ, ಅಷ್ಟೇ. ಅವನ ಕಾರು ಜಾಕಿಯ ಮೇಲೆ ಮೂತಿ ಎತ್ತಿ ನಿಂತಿತ್ತು. ಅದರ ಹಿಂದಿನ ಎಡಬಾಗಿಲು ತೆರೆದುಕೊಂಡಿತ್ತು. ಹಾಶಿಂ ಎದ್ದು ಹೋಗಿ ಮುಚ್ಚಿ ಬಂದ. ಬಂದು ಕೂತು ನೋಡಿದರೆ ಮತ್ತೆ ತೆರೆದಿತ್ತು. ಕಾರು ವಾಲಿ ನಿಂತಿದೆ, ಅದಕ್ಕೆ, ಎಂದು ಅವನು ತನಗೆ ತಾನೇ ಹೇಳಿಕೊಂಡ. ಇನ್ನೊಮ್ಮೆ ಏಳಲಿಲ್ಲ.

ಮೂಲೆಯಲ್ಲಿ ಮರದ ಪೆಟ್ಟಿಗೆಯೊಂದಿತ್ತು, ಮೊಳೆ ಹೊಡೆದು ಮುಚ್ಚಿದ್ದು. ಅದರೊಳಗೆ ಹೊಸ ಗೇರ್ ಬಾಕ್ಸು ಉಂಟು. ಕಲ್ಕತ್ತೆಯಿಂದ ಕಂಪೆನಿಯೇ ಕಳಿಸಿದ್ದು. ಆದರೆ ಅದನ್ನು ತೆರೆಯುವ ಅಧಿಕಾರ ಕಂಪೆನಿಯ ಎಂಜಿನಿಯರಿಗೆ ಮಾತ್ರ. ಅವನು ಬಂದು, ಕೇಳುವುದನ್ನು ಕೇಳಿ, ಸರಿ ಎಂದರೆ ಮೊಳೆ ಕೀಳುವುದು, ಇಲ್ಲದಿದ್ದರೆ ಪೆಟ್ಟಿಗೆ ಹಾಗೇ ವಾಪಸ್ಸು. ಕಾರಿನ ಗ್ಯಾರಂಟಿ ಮುಗಿದು ಸ್ವಲ್ಪ ಸಮಯವಾಗಿತ್ತು. ಗ್ಯಾರಂಟಿ ಇರುವಾಗಲೇ ಗೇರು ಬದಲಿಸುವಾಗೆಲ್ಲ ಹಲ್ಲು ಕಡಿದಂಥ ಸದ್ದು ಬರುತ್ತಿತ್ತು, ಹಾಶಿಂ ಇದೇ ವರ್ಕ್‌ಶಾಪಿಗೆ ತಂದು ತೋರಿಸಿದ್ದ. ಇಲ್ಲಿಯವರು ಬಾನೆಟಿನ ಮೇಲೆ ತಟ್ಟಿ, 'ಹೊಸ ಗಾಡಿ ಮಾರಾಯ, ಪಳಗ್ಬೇಕು, ಮದುವೆಯಾದ ಹೊಸತರಲ್ಲಿ ನಿನ್ನ ಬೀವಿ ಸದ್ದು ಮಾಡ್ಲಿಲ್ವಾ' ಎಂದು ನಕ್ಕು ಕಳಿಸಿದ್ದರು. ಅವನೂ ನಕ್ಕಿದ್ದ. ಆ ನಗುವನ್ನು ಈಗ ನೆನೆದರೆ ಬಾಯಿ ಕಹಿಯಾಗುತ್ತದೆ. ತಂದೆಯ ಕಾಲದ ಬಂದರಿನ ಹುರಿಹಗ್ಗದ ಅಂಗಡಿಯಲ್ಲಿದ್ದ ತನ್ನ ಪಾಲನ್ನು ಅಣ್ಣನಿಗೇ ಬಿಟ್ಟುಕೊಟ್ಟು, ಟ್ಯಾಕ್ಸಿ ಓಡಿಸಲೆಂದು ಕೊಂಡ ಕಾರು ಇದು. ಹೊಸ ಗೇರ್ ಬಾಕ್ಸನ್ನು ತಾನೇ ಕೊಳ್ಳುವುದೆಂದರೆ ಕಾರನ್ನು ಮಾರಿಯೇ ಕೊಳ್ಳಬೇಕು. ಕಂಪೆನಿ ಕೈಬಿಟ್ಟರೆ ಅದೇ ಅಂಗಡಿಗೆ ಹೋಗಬೇಕು, ಪಾಲುದಾರನಾಗಿ ಅಲ್ಲ, ಹಗ್ಗ ಅಳೆಯುವ ಆಳಾಗಿ. ಅಣ್ಣ ಏನೂ ಅನ್ನಲಾರ. ಅನ್ನದೆ, ತಾನು ಕುಡಿದು ಉಳಿದ ಚಾ ಅವನ ಕಡೆ ಸರಿಸುತ್ತಾನೆ.

ಕಂಕನಾಡಿಯ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಒಂದು ಮಾತುಂಟು. ಕಾಯಿಲೆಯವರನ್ನು ಒಯ್ಯುವಾಗ ಕಾರಿನೊಳಗೇ ಉಸಿರು ನಿಂತರೆ ಆ ಕಾರು ಹೆಣದ ಕಾರಾಗುತ್ತದೆ; ಆಮೇಲೆ ಅದಕ್ಕೆ ಮದುವೆಯವರಿಲ್ಲ, ಬಾಣಂತಿಯರಿಲ್ಲ, ಬಿಜೈಯ ವಕೀಲರ ಮನೆಯವರಿಲ್ಲ. ಹಿಂದೂಗಳ ಕಾರಾದರೆ ಭಟ್ಟರನ್ನು ಕರೆಸಿ ನೀರು ಚಿಮುಕಿಸುತ್ತಾರೆ, ಬ್ಯಾರಿಗಳದ್ದಾದರೆ ಮುಸ್ಲಿಯಾರರು ಬಂದು ಓದಿ ಊದುತ್ತಾರೆ. ಆದರೂ ಹತ್ತಲು ಬಂದ ಹೆಂಗಸರು ಬಾಗಿಲ ಹತ್ತಿರ ಒಂದು ಗಳಿಗೆ ನಿಂತು ಹಿಂದಿನ ಕಾರಿಗೆ ಹೋಗುತ್ತಾರೆ. ಆದ್ದರಿಂದ ಡ್ರೈವರುಗಳಾರೂ ತಮ್ಮ ಕಾರಿನಲ್ಲಿ ಜೀವ ಹೋಯಿತೆಂದು ಹೇಳುವುದಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಮೈ ಕೊರಡಾಗಿದ್ದರೂ, ಎಲ್ಲರೂ ಕಂಡಿದ್ದರೂ, ಕೇಳಿದವರಿಗೆ ಹೇಳುವುದು ಒಂದೇ: ಇಳಿಸಿದ ಮೇಲೆ ಹೋದದ್ದು. ಕೇಳಿದವರೂ ಹೌದಾ ಎಂದು ತಲೆಯಾಡಿಸುತ್ತಾರೆ. ಸುಳ್ಳೆಂದು ಗೊತ್ತಿದ್ದೇ ಒಪ್ಪಿಕೊಳ್ಳುವುದು, ನಾಳೆ ತಾನು ಹೇಳುವಾಗ ಇವರೂ ಒಪ್ಪಿಕೊಳ್ಳಲಿ ಎಂದು.

ಮಳೆಗಾಲ ಮುಗಿದು ಬಿಸಿಲು ಚುರುಕಾಗಿದ್ದ ಮಧ್ಯಾಹ್ನ ಬಾಗಿ ಆ ಸ್ಟ್ಯಾಂಡಿಗೆ ಓಡಿ ಬಂದಿದ್ದಳು. ಪಡೀಲಿನ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊರುವ ಹೆಂಗಸು, ತಲೆಯಲ್ಲಿ ಇನ್ನೂ ಸಿಂಬಿ. ಸೊಸೆಗೆ ಬೆಳಗ್ಗೆಯಿಂದ ನೋವು, ಮಗು ಅಡ್ಡ ಬಂದಿದೆ, ಹೆರಿಗೆ ಆಸ್ಪತ್ರೆಗೆ ಒಯ್ಯಬೇಕು ಎಂದಳು. ಸಾಲಿನಲ್ಲಿ ಮೊದಲಿದ್ದದ್ದು ನೋಣಯ್ಯನ ಕಾರು. ನೋಣಯ್ಯ ಸ್ಟ್ಯಾಂಡಿಗೇ ಹಿರಿಯ, ಮಾತಿನ ಮನುಷ್ಯ. ಬಾನೆಟಿನಿಂದ ಬೆನ್ನು ಎತ್ತದೆ, 'ಬ್ರೇಕ್ ಸರಿ ಇಲ್ಲ ಅಬ್ಬೆ' ಅಂದ. ಅವನ ಹಿಂದಿನವನಿಗೆ ಪೆಟ್ರೋಲ್ ಇರಲಿಲ್ಲ. ಅದರ ಹಿಂದಿನವನು ಏನೂ ಹೇಳದೆ ಗಾಜು ಒರೆಸತೊಡಗಿದ. ಎಲ್ಲರ ಮನಸ್ಸಿನಲ್ಲಿದ್ದದ್ದು ಒಂದೇ: ಸೀಟು ಹಾಳಾಗುತ್ತದೆ, ಅದೂ ಆ ಕೇರಿಯವರಿಂದ, ಅವರು ಕೂತ ಸೀಟಿನಲ್ಲಿ ನಾಳೆ ಶೆಟ್ಟರು ಕೂರುತ್ತಾರಾ. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಬಾಗಿ ತಿರುಗಿ ಬಯ್ಯಬಹುದಿತ್ತು. ಹಾಶಿಂ ಕೊನೆಯಲ್ಲಿದ್ದ. ಹತ್ತು ಅಬ್ಬೆ, ಎಂದ. ಯಾಕೆ ಹಾಗಂದೆ ಎಂದು ಅವನು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದಾನೆ. ಕನಿಕರದಿಂದ ಎಂದರೆ ನಂಬುವುದಕ್ಕಾಗುವುದಿಲ್ಲ. ಉಳಿದವರ ಎದುರು ತಾನು ಒಳ್ಳೆಯವನೆಂದು ಕಾಣುವ ಆಸೆಯಿತ್ತು, ಅದು ಖಂಡಿತ.

ಪಡೀಲಿಗೆ ಹೋಗಿ ಹತ್ತಿಸಿಕೊಂಡ ಸೊಸೆ ಕಿನ್ನಿ ಹಿಂದಿನ ಸೀಟಿನ ಎಡಬದಿಗೆ ಒರಗಿ, ಬಾಗಿಲ ಮೇಲಿನ ಕೈಪಟ್ಟಿ ಹಿಡಿದು ಕೂತಿದ್ದಳು. ಅವಳ ಗಂಡ ಮುದ್ದು ಹಂಚು ಸುಡುವ ಆವಿಗೆಯ ಕೆಲಸದಲ್ಲಿದ್ದ, ಬಿಟ್ಟು ಬರಲು ಕಾರ್ಖಾನೆಯ ರೈಟರು ಬಿಡಲಿಲ್ಲ. ಸೊಸೆ, ಅತ್ತೆ, ಡ್ರೈವರು, ಮೂರೇ ಜನ. ಪಡೀಲಿನಿಂದ ಪಂಪ್‌ವೆಲ್‌ವರೆಗೆ ಅವಳ ನರಳಾಟವನ್ನೂ ಗೇರಿನ ನರಳಾಟವನ್ನೂ ಹಾಶಿಂ ಬೇರೆ ಮಾಡಲಾರದೆ ಹೋಗಿದ್ದ; ಒಂದು ನಿಂತರೆ ಇನ್ನೊಂದು ಶುರುವಾಗುತ್ತಿತ್ತು. ಪಂಪ್‌ವೆಲ್ ದಾಟಿ ಕಂಕನಾಡಿಯ ಏರು ಹತ್ತುವಲ್ಲಿ ಎರಡನೇ ಗೇರಿಗೆ ಎಳೆದ. ಕೈಯಲ್ಲಿದ್ದ ಕೋಲು ಸಡಿಲವಾಗಿ ಅತ್ತಿತ್ತ ಆಡಿತು. ಕೆಳಗೆ ಏನೋ ಮುರಿದು ಉರುಳಿದ ಸದ್ದು. ಇಂಜಿನು ಅಬ್ಬರಿಸುತ್ತಿತ್ತು, ಕಾರು ಮಾತ್ರ ನಿಂತಲ್ಲಿಂದ ಹಿಂದಕ್ಕೆ ಜಾರುತ್ತಿತ್ತು. ಬ್ರೇಕು ಒತ್ತಿ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟ. ಮೇಲೆ ಸ್ಟ್ಯಾಂಡು ಕೂಗಿದರೆ ಕೇಳುವಷ್ಟು ದೂರ. ಓಡಿ ಹೋಗಿ ಇನ್ನೊಂದು ಕಾರು ತರಬೇಕು ಎಂದುಕೊಂಡವನು ಓಡಲಿಲ್ಲ. ಹಿಂದಿನ ಬಾಗಿಲು ತೆರೆದು ಅವಳ ಮುಖ ನೋಡಿದ. ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು.

'ಸಾರ್ ಬಂದ್ರು, ಎದ್ದುಕೊಳ್ಳೋ ಬ್ಯಾರಿ,' ಎಂದು ಬಾಸಿಲ್ ಪೊರ್ಬುಗಳ ದನಿ ಕೇಳಿ ಹಾಶಿಂ ಎದ್ದು ನಿಂತ. ಎಂಜಿನಿಯರು ಅವನೆಣಿಸಿದ್ದಕ್ಕಿಂತ ಎಳೆಯ, ಬಿಳಿ ಅಂಗಿಯ ತೋಳನ್ನು ಮಡಿಸುತ್ತ ಬಂದ. ಬಂಗಾಳದವನಂತೆ. ಇಂಗ್ಲಿಷು ಬಿಟ್ಟರೆ ಅವನ ಮಾತು ಇಲ್ಲಿ ಯಾರಿಗೂ ಬಾರದು, ಇಲ್ಲಿಯವರ ಮಾತು ಅವನಿಗೆ ಬಾರದು. ಅವನು ನೆಲಕ್ಕೆ ಮಂಡಿಯೂರಿ ಗೇರ್ ಬಾಕ್ಸಿನೊಳಗೆ ಬೆರಳು ಹಾಕಿ, ಎಣ್ಣೆಯನ್ನು ಮೂಸಿ, ಮುರಿದ ಹಲ್ಲುಗಳನ್ನು ಒಂದೊಂದಾಗಿ ಅಂಗೈಗೆ ತೆಗೆದುಕೊಂಡ. ಅವನಿಗೆ ಅದರಲ್ಲಿ ಹೇಸಿಗೆಯಿರಲಿಲ್ಲ. ಹಾಶಿಂಗೆ ಆ ಕೈಯ ಮೇಲೆ ಗೌರವ ಹುಟ್ಟಿತು, ಮರುಕ್ಷಣವೇ ಸಿಟ್ಟೂ ಬಂತು. ಇದನ್ನು ಇಷ್ಟು ಶ್ರದ್ಧೆಯಿಂದ ಮುಟ್ಟಿ ನೋಡುವವರಿದ್ದಾರೆ. ಅವಳನ್ನು ಹೀಗೆ ಯಾರು ಮುಟ್ಟಿ ನೋಡಿದರು? ಎಂಜಿನಿಯರು ಕಾರಿನ ಸುತ್ತ ಬಂದ, ತೆರೆದಿದ್ದ ಹಿಂದಿನ ಬಾಗಿಲಲ್ಲಿ ಬಗ್ಗಿ, ಕೈಪಟ್ಟಿ ಇರಬೇಕಾದಲ್ಲಿ ಸ್ಕ್ರೂಗಳ ತೂತು ಮಾತ್ರ ಉಳಿದಿದ್ದನ್ನು ಕಂಡು ಏನೋ ಕೇಳಿದ.

'ಪಟ್ಟಿ ಎಲ್ಲಿ ಅಂತ ಕೇಳ್ತಾರೆ,' ಎಂದರು ಬಾಸಿಲ್ ಪೊರ್ಬುಗಳು.

'ಹರಿದುಹೋಯ್ತು.'

ಹರಿದಿರಲಿಲ್ಲ. ಗೇರು ಮುರಿದ ದಿನದ ಸಂಜೆಯೇ, ಕಾರನ್ನು ಎತ್ತಿನಗಾಡಿಗೆ ಕಟ್ಟಿ ಎಳೆಸಿ ತರುವ ಮೊದಲು, ಹಾಶಿಂ ತಾನೇ ಸ್ಕ್ರೂ ಬಿಚ್ಚಿ ತೆಗೆದಿದ್ದ. ಮನೆಗೆ ಒಯ್ದು ಹಂಚಿನ ಸಂದಿಯಲ್ಲಿ ಸಿಕ್ಕಿಸಿದ್ದ. ಹೆಂಡತಿ ಸಾರಮ್ಮ ಕಂಡು, ಇದೆಂತದು ಎಂದಾಗ ಕಾರಿನ ಸಾಮಾನು ಎಂದಿದ್ದ. ಆಮೇಲೆ ಅವಳು ಕೇಳಲಿಲ್ಲ. ಆದರೆ ಅದರ ಕೆಳಗೆ ಹಾಸಿಗೆ ಹಾಸುವುದನ್ನು ಬಿಟ್ಟಿದ್ದಳು.

ಎಂಜಿನಿಯರು ಕೈ ಒರೆಸಿಕೊಂಡು ಮುಂದಿನ ಹಾಲಿಗೆ ಹೋದ. ಬಾಸಿಲ್ ಪೊರ್ಬುಗಳು ಹಾಶಿಂನ ತೋಳು ಹಿಡಿದು ಪೆಟ್ಟಿಗೆಯ ಹತ್ತಿರಕ್ಕೆ ಎಳೆದುಕೊಂಡು ಹೋದರು. ಕೆಟ್ಟವರಲ್ಲ ಅವರು. ಭಾನುವಾರ ಇಗರ್ಜಿಗೆ ಹೋಗಿ ಬರುವಾಗ ಭಿಕ್ಷುಕರಿಗೆ ಸಾಲಾಗಿ ಹಂಚುವವರು. ಕಂಪೆನಿಗೆ ಟ್ರಂಕ್ ಕಾಲ್ ಮಾಡಿ, ಬಡವನ ಕಾರು, ಸ್ವಲ್ಪ ದಯೆ ತೋರಿಸಿ ಎಂದವರೂ ಅವರೇ.

'ಗೇರು ಮಾಡುವಲ್ಲೇ ಕಂಪೆನಿಯವರು ತಪ್ಪಿದ್ದು ಅಂತ ಅವನಿಗೆ ಗೊತ್ತಾಗಿದೆ. ಹಲ್ಲು ಸರಿಯಾಗಿ ಹದ ಮಾಡ್ಲಿಲ್ಲ ಅಂತ ನನ್ನ ಹತ್ರ ಹೇಳಿದ,' ಎಂದರು ಮೆಲ್ಲಗೆ. 'ಆದ್ರೆ ಬರೆದು ಕೊಡುದಿಲ್ಲ. ನೀನು ಮೊದಲೇ ಬಾಯಿಬಿಟ್ಟು ಹಾಳು ಮಾಡಿದ್ದು. ಹೆಣ್ಣು ಸತ್ತದ್ದು ಯಾಕೆ ಹೇಳ್ಬೇಕಿತ್ತು ನಿನಗೆ?'

'ಕನಿಕರ ಬರ್ಲಿ ಅಂತ, ಪೊರ್ಬುಗಳೇ.'

'ಕನಿಕರ. ಕಂಪೆನಿಗೆ ಬರುದು ಕನಿಕರ ಅಲ್ಲ ಮಾರಾಯ, ಹೆದರಿಕೆ. ಈಗ ಗೇರ್ ಬಾಕ್ಸು ಕೊಟ್ರೆ, ನಮ್ಮ ಗೇರಿನಿಂದ ಹೆಣ್ಣು ಸತ್ತಿತು ಅಂತ ಒಪ್ಪಿದ ಹಾಗೆ ಅಲ್ವಾ? ಅದಕ್ಕೆ ಕೇಳ್ತಾರೆ ಅಂತ ಮೊನ್ನೆಯೇ ಹೇಳ್ಲಿಲ್ವಾ, ಕಾರು ನಿಲ್ಲುವ ಮೊದಲೇ ಜೀವ ಹೋಗಿತ್ತಾ ಅಂತ. ಹೋಗಿತ್ತು ಅಂತಾದ್ರೆ ಅದಕ್ಕೂ ಗೇರಿಗೂ ಸಂಬಂಧ ಇಲ್ಲ. ಪೆಟ್ಟಿಗೆ ತೆರೀತಾರೆ. ಇನ್ನೂ ಜೀವ ಇತ್ತು ಅಂದ್ಯೋ, ಪೆಟ್ಟಿಗೆ ಹೋಯ್ತು, ನೀನೂ ಹೋದೆ.'

'ಸ್ಟ್ಯಾಂಡಿನಲ್ಲಿ ನಾನು ಇಳಿಸಿದ ಮೇಲೆ ಅಂತ ಹೇಳಿದ್ದುಂಟು.'

ಬಾಸಿಲ್ ಪೊರ್ಬುಗಳು ಅವನ ಕಡೆ ಪ್ರೀತಿಯಿಂದಲೇ ನೋಡಿದರು. 'ಅದು ನೀವೆಲ್ಲ ಹೇಳುದು ತಾನೇ. ನನಗೆ ಗೊತ್ತಿಲ್ವಾ. ಇಲ್ಲಿ ಹೇಳಿದ್ದು ಸ್ಟ್ಯಾಂಡಿಗೆ ಹೋಗುದಿಲ್ಲ. ಇಂಗ್ಲಿಷ್‌ನಲ್ಲಿ ಉಳೀತದೆ. ಆ ಮುದುಕಿ ಬಂದಿದ್ದಾಳಲ್ಲ, ಅವಳೂ ಹೇಳ್ತಾಳಲ್ಲ?'

ನೋಣಯ್ಯನೂ ಅಂದು ಹೀಗೆಯೇ ನೋಡಿದ್ದ. ಅವತ್ತು ಕೊನೆಗೂ ಹಾಶಿಂ ಏರು ಹತ್ತಿ ಓಡಿದಾಗ ನೋಣಯ್ಯ ಎರಡು ಮಾತಾಡದೆ ಕಾರು ತೆಗೆದುಕೊಂಡು ಇಳಿದು ಬಂದ; ಬ್ರೇಕು ಆ ಹೊತ್ತಿಗೆ ಸರಿಯಾಗಿತ್ತು. ರಸ್ತೆ ಬದಿಯ ಧೂಪದ ಮರದ ಕೆಳಗೆ, ಬಾಗಿಯ ಸೆರಗಿನ ಮೇಲೆ, ಕಿನ್ನಿಯ ಜೀವ ಹೋಗಿತ್ತು. ನೋಣಯ್ಯ ಟೋಪಿ ತೆಗೆದ. ಹಾಶಿಂನ ಕಿವಿಯ ಹತ್ತಿರ ಬಗ್ಗಿ, 'ಇಳಿಸಿದ ಮೇಲೆ ಅಲ್ವಾ ಬ್ಯಾರಿ?' ಎಂದ. 'ಹೌದು. ಇಳಿಸಿದ ಮೇಲೆ.' 'ಹಾಗೇ ಹೇಳು. ಎಲ್ಲರೂ ಹಾಗೇ ಹೇಳುದು,' ಎಂದು ಬೆನ್ನು ತಟ್ಟಿದ. ಆ ತಟ್ಟಿದ ಜಾಗ ಈಗಲೂ ಸ್ನಾನಕ್ಕೆ ಕೂತಾಗ ಉರಿಯುತ್ತದೆ. ನಿಜವಾಗಿಯೂ ಇಳಿಸಿದ ಮೇಲೆಯೇ, ನೋಣಯ್ಯ, ಎಂದು ಅವನು ಹೇಗೆ ಹೇಳುವುದು? ಎಲ್ಲರೂ ಹೇಳುವ ಸುಳ್ಳು ಅವನೊಬ್ಬನ ಬಾಯಲ್ಲಿ ನಿಜವಾಗಿತ್ತು. ಹಾಗಾಗಿ ಅದನ್ನು ನಂಬುವವರೇ ಇರಲಿಲ್ಲ. ಅವಳು ಕಾರಿನಲ್ಲೇ ಸತ್ತಳೆಂದು ಇಡೀ ಸ್ಟ್ಯಾಂಡು ನಂಬಿ, ಅವನ ಮರ್ಯಾದೆಗೆ ಬಾಯಿಮುಚ್ಚಿಕೊಂಡಿತ್ತು. ಅವನ ಅಪರಾಧವನ್ನು ಅವರು ಒಂದು ಸಣ್ಣ, ಒಪ್ಪಬಹುದಾದ ಸುಳ್ಳೆಂದು ತಿಳಿದು ಕ್ಷಮಿಸಿಬಿಟ್ಟಿದ್ದರು.

ಬಾಗಿ ಹೊರಗೆ ಗೇಟಿನ ನೆರಳಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಳು. ನಿನ್ನೆ ಪೊರ್ಬುಗಳ ಮಾತಿನಂತೆ ಅವಳನ್ನು ಕರೆಯಲು ಹಾಶಿಂ ಬಸ್ಸಿನಲ್ಲಿ ಪಡೀಲಿಗೆ ಹೋಗಿದ್ದ. ಬಂದ ಕೆಲಸ ಹೇಳಿ ಅಂಗಳದಲ್ಲಿ ನಿಂತವನಿಗೆ ಅವಳು ಮಣೆ ಕೊಟ್ಟಳು, ಬೆಲ್ಲ ನೀರು ಕೊಟ್ಟಳು. ಲೋಟವನ್ನು ನೆಲದ ಮೇಲಿಟ್ಟು ಹಿಂದೆ ಸರಿದು ನಿಂತಳು. ಮುದ್ದು ಗೋಡೆಗೆ ಮುಖ ಮಾಡಿ ಮಲಗಿದ್ದವನು ಏಳಲಿಲ್ಲ. 'ಬರ್ತೇನೆ ಬ್ಯಾರಿಗಳೇ,' ಎಂದಳು ಬಾಗಿ. 'ಅಷ್ಟು ಜನ ಆಗುದಿಲ್ಲ ಅಂದಾಗ ಹತ್ತು ಅಂದವರು ನೀವೊಬ್ರೇ. ನೀವು ಹೇಗೆ ಹೇಳು ಅಂದ್ರೆ ಹಾಗೆ ಹೇಳ್ತೇನೆ. ಅವಳು ಹೇಗಿದ್ರೂ ಬರುದಿಲ್ಲ, ನಿಮ್ಮ ಕಾರಾದ್ರೂ ಬರ್ಲಿ.' ಆ ಬೆಲ್ಲದ ನೀರು ಗಂಟಲಲ್ಲಿ ಇಳಿಯುವಾಗ ಹಾಶಿಂಗೆ ಅವಳ ಕಾಲು ಹಿಡಿಯಬೇಕು ಅನ್ನಿಸಿತ್ತು. ಲೋಟ ಖಾಲಿ ಮಾಡಿ, ಎಷ್ಟು ಗಂಟೆಗೆ ಬರಬೇಕು, ಬಂದು ಏನು ಹೇಳಬೇಕು ಎಂದು ತಿಳಿಸಿ ಎದ್ದು ಬಂದ.

ಹಾಲಿನಲ್ಲಿ ಎಂಜಿನಿಯರು ಬೆತ್ತದ ಕುರ್ಚಿಯಲ್ಲಿದ್ದ. ಬಾಗಿ ಬಾಗಿಲ ಹೊಸ್ತಿಲಾಚೆ ನಿಂತಳು. ಒಳಗಿನ ಸಿಮೆಂಟು ನೆಲ ಕನ್ನಡಿಯಂತಿತ್ತು, ತನ್ನ ಕಾಲಿನ ಮಣ್ಣು ನೋಡಿಕೊಂಡು ಹಿಂಜರಿದಳು. ಬಾ ಎಂದು ಯಾರೂ ಅನ್ನಲಿಲ್ಲ. ಬಾಸಿಲ್ ಪೊರ್ಬುಗಳು ತುಳುವಿನಲ್ಲಿ ಕೇಳಿದರು: ಹೆಣ್ಣಿನ ಜೀವ ಎಲ್ಲಿ ಹೋದದ್ದು?

'ಪಂಪ್‌ವೆಲ್ ಬರುವ ಮೊದಲೇ,' ಎಂದಳು ಬಾಗಿ. ಕಂಠಪಾಠ ಒಪ್ಪಿಸುವ ಹಾಗೆ, ಗೋಡೆಯ ಮೇಲಿನ ಕ್ಯಾಲೆಂಡರಿಗೆ ಹೇಳುವ ಹಾಗೆ. 'ಕಾರಿನಲ್ಲೇ. ನನ್ನ ತೊಡೆಯ ಮೇಲೆ. ಆಮೇಲೆ ಕಾರು ನಿಂತದ್ದು.'

ಪೊರ್ಬುಗಳು ಅದನ್ನು ಇಂಗ್ಲಿಷಿಗೆ ಮಾಡಿದರು. ಎಂಜಿನಿಯರು ತಲೆಯಾಡಿಸಿ, ಹಾಶಿಂನ ಕಡೆ ತಿರುಗಿದ. ಅವನ ಕಣ್ಣು ಒಳ್ಳೆಯ ಕಣ್ಣು. ಹೌದು ಎಂದುಬಿಡು, ನನಗೂ ಇದು ಬೇಗ ಮುಗಿಯಲಿ ಎನ್ನುವಂತಿತ್ತು. ಹಾಶಿಂ ಹೌದು ಎನ್ನಲು ಬಾಯಿ ತೆರೆದ. ಬಾಯಿಯ ತುಂಬ ಬೆಲ್ಲದ ನೀರು. ಗಾಜಿನಾಚೆ ನಿಂತಿದ್ದ ಮಾರುವ ಹೊಸ ಕಾರಿನ ಹಿಂದಿನ ಸೀಟಿನಲ್ಲಿ, ಎಡಬದಿಗೆ, ಯಾರೋ ಒರಗಿ ಕೂತಂತೆ ನೆರಳು ಬಿದ್ದಿತ್ತು. ಅದು ಹೊರಗಿನ ಮರದ ನೆರಳು. ಆದರೂ ಅದಕ್ಕೊಂದು ಕೈ ಇತ್ತು, ಮೇಲಕ್ಕೆತ್ತಿ ಏನನ್ನೋ ಹಿಡಿದ ಕೈ.

'ಇಲ್ಲ ಪೊರ್ಬುಗಳೇ,' ಎಂದ. ತುಳುವಿನಲ್ಲಿ, ಬಾಗಿಗೂ ಕೇಳುವಷ್ಟು ಗಟ್ಟಿಯಾಗಿ. 'ಕಾರು ನಿಂತಾಗ ಅವಳು ಬದುಕಿದ್ದಳು. ಸಾಯ್ತಾಳೆ ಅಂತ ನನಗೆ ಗೊತ್ತಾಯ್ತು. ನನ್ನ ಕಾರಿನಲ್ಲಿ ಸಾಯುದು ಬೇಡ ಅಂತ ನಾನು ಇಳಿಸಿದೆ. ಗಾಳಿ ಬರ್ಲಿ, ಕೆಳಗೆ ಮಲಗಿಸಿ ಅಂತ ಈ ಅಬ್ಬೆಗೆ ಸುಳ್ಳು ಹೇಳಿದೆ. ಅವಳು ಪಟ್ಟಿ ಬಿಡ್ಲಿಲ್ಲ. ನಾನು ಬೆರಳು ಒಂದೊಂದೇ ಬಿಡಿಸಿದ್ದು. ಅವಳನ್ನು ಮರದ ಕೆಳಗೆ ಮಲಗಿಸಿ ಆಮೇಲೆ ಕಾರು ತರ್ಲಿಕ್ಕೆ ಓಡಿದ್ದು. ಮೊದಲೇ ಓಡಿದ್ರೆ...'

ಫ್ಯಾನು ತಿರುಗುತ್ತಿತ್ತು. ಹದವಿಲ್ಲದ ಗೇರು ಕೊಟ್ಟ ಕಂಪೆನಿ, ಬಾರದ ಟ್ಯಾಕ್ಸಿಗಳು, ಬಿಡದ ರೈಟರು, ಎಲ್ಲರೂ ಸೇರಿ ಅವಳನ್ನು ಆ ಏರಿನವರೆಗೆ ತಂದು ಬಿಟ್ಟಿದ್ದರು. ಅದನ್ನೂ ಹೇಳಬೇಕು, ಕೂಗಿ ಹೇಳಬೇಕು ಎಂದು ಅವನಿಗೆ ಅನ್ನಿಸಿತು. ಆದರೆ ಕೊನೆಯ ಬೆರಳು ಬಿಡಿಸಿದ ಕೈ ತನ್ನದಾದ್ದರಿಂದ ಉಳಿದವರ ಹೆಸರು ಎತ್ತುವ ಬಾಯಿ ಅವನಿಗೆ ಉಳಿದಿರಲಿಲ್ಲ.

ಬಾಸಿಲ್ ಪೊರ್ಬುಗಳು ಅವನನ್ನು ದೀರ್ಘವಾಗಿ ನೋಡಿದರು. ಹಣೆಯ ಬೆವರು ಒರೆಸಿಕೊಂಡರು. ಆಮೇಲೆ ಎಂಜಿನಿಯರಿನ ಕಡೆ ತಿರುಗಿ, ನಿಧಾನವಾಗಿ, ಇಂಗ್ಲಿಷಿನಲ್ಲಿ ಹೇಳಿದರು. ಉದ್ದವಾಗಿಯೇ ಹೇಳಿದರು, ಹಾಶಿಂ ಆಡಿದಷ್ಟೇ ಉದ್ದ. ಟ್ಯಾಕ್ಸಿಯವನಿಗೆ ತಿಳಿಯುವಷ್ಟು ಇಂಗ್ಲಿಷು ಅವನಿಗೂ ಗೊತ್ತಿತ್ತು. ಯೆಸ್ ಎಂಬುದು ಕೇಳಿತು, ಬಿಫೋರ್ ಎಂಬುದು ಎರಡು ಸಲ ಕೇಳಿತು, ಪೂರ್ ಫೆಲೋ ಎಂಬುದೂ ಕೇಳಿತು. ಎಂಜಿನಿಯರು ಎದ್ದು ಬಂದು ಹಾಶಿಂನ ಬೆನ್ನ ಮೇಲೆ ಕೈಯಿಟ್ಟ. ನೋಣಯ್ಯ ತಟ್ಟಿದ ಜಾಗಕ್ಕೆ ಸರಿಯಾಗಿ.

'ಪೊರ್ಬುಗಳೇ, ನಾನು ಹೇಳಿದ್ದು ಅದಲ್ಲ.'

'ನೀನು ಹೇಳಿದ್ದು ನನಗೆ ಕೇಳಿದೆ,' ಎಂದರು ಅವರು, ಅವನ ಮುಖ ನೋಡದೆ. 'ಅದನ್ನು ನಿನ್ನ ಮುಸ್ಲಿಯಾರರ ಹತ್ರ ಹೇಳು. ನಮ್ಮವನಾದ್ರೆ ಪಾದ್ರಿಯ ಹತ್ರ ಹೇಳು ಅಂತಿದ್ದೆ. ಕಂಪೆನಿಗೆ ಅದು ಬೇಡ. ಹೋಗು, ಪೆಟ್ಟಿಗೆ ತೆರೀಲಿಕ್ಕೆ ಹೇಳು.'

ಹೊಸ್ತಿಲಾಚೆ ಬಾಗಿ ಇರಲಿಲ್ಲ. ಹಾಶಿಂ ಹೊರಗೆ ಹೋಗಿ ನೋಡಿದ. ಮತ್ತೆ ಗೇಟಿನ ಬದಿಯಲ್ಲಿ ಕೂತಿದ್ದಳು. ನೆರಳು ಸರಿದು ಹೋಗಿ ಬಿಸಿಲು ಅವಳ ಮೇಲೆ ಬಿದ್ದಿತ್ತು, ಅವಳು ಸರಿದಿರಲಿಲ್ಲ. ಹತ್ತಿರ ಹೋಗುವ ಧೈರ್ಯ ಅವನಿಗಾಗಲಿಲ್ಲ. ಹಿಂದೆ ವರ್ಕ್‌ಶಾಪಿನಲ್ಲಿ ಮೊಳೆ ಕೀಳುವ ಸದ್ದು ಶುರುವಾಯಿತು. ಒಂದೊಂದು ಮೊಳೆಯೂ ಮರವನ್ನು ಬಿಡುವಾಗ ಕಿರುಚುತ್ತಿತ್ತು. ಬೇಡ, ಈ ಗೇರ್ ಬಾಕ್ಸು ನನಗೆ ಬೇಡ, ಎಂದು ಹೋಗಿ ಹೇಳಬಹುದಿತ್ತು. ಕಾಲು ಅತ್ತ ಎದ್ದಿತು ಕೂಡ. ಆಗ ಅಣ್ಣನ ಅಂಗಡಿಯ ಹಗ್ಗದ ವಾಸನೆ ಮೂಗಿಗೆ ಬಂತು, ಅರ್ಧ ಉಳಿದ ಚಾದ ಲೋಟ ಕಂಡಿತು. ಅವನು ಗೋಡೆಗೆ ಒರಗಿ ನಿಂತು, ಹೊಸ ಗೇರ್ ಬಾಕ್ಸನ್ನು ನಾಲ್ಕು ಜನ ಎತ್ತಿ ಕಾರಿನ ಕೆಳಗೆ ಸೇರಿಸುವುದನ್ನು ನೋಡಿದ. ಜಾಗ್ರತೆ, ಜಾಗ್ರತೆ, ಎನ್ನುತ್ತಿದ್ದರು ಒಬ್ಬರಿಗೊಬ್ಬರು. ಮೆಲ್ಲ ಇಳಿಸಿ, ಪೆಟ್ಟಾದೀತು, ಎನ್ನುತ್ತಿದ್ದರು.

ಬಿಸಿಲು ಇಳಿಯುವ ಹೊತ್ತಿಗೆ ಕಾರು ನೆಲಕ್ಕೆ ಬಂತು. 'ಹೇಗೂ ಓಡಿಸಿ ನೋಡ್ಬೇಕು, ಆ ಮುದುಕಿಯನ್ನು ಮನೆಗೆ ಬಿಟ್ಟು ಬಾ,' ಎಂದರು ಬಾಸಿಲ್ ಪೊರ್ಬುಗಳು, ಕಿಟಕಿಯಿಂದಲೇ. ಹಾಶಿಂ ಗೇಟಿನ ಹತ್ತಿರ ಕಾರು ನಿಲ್ಲಿಸಿ ಇಳಿದು ಹಿಂದಿನ ಬಾಗಿಲು ತೆರೆದ. ಬಲಬದಿಯ ಬಾಗಿಲು. ಬಾಗಿ ಎದ್ದು ಬಂದಳು. ಬಸ್ಸಿಗೆ ಹೋಗುತ್ತೇನೆ ಎನ್ನಬಹುದು, ಮುಖಕ್ಕೆ ಉಗುಳಬಹುದು; ಅದಕ್ಕೆ ಅವನು ಮುಖವನ್ನು ತಯಾರಾಗಿ ಇಟ್ಟುಕೊಂಡಿದ್ದ. ಅವಳು ಸುಮ್ಮನೆ ಹತ್ತಿ, ಬಲಬದಿಯ ಅಂಚಿನಲ್ಲಿ, ಅರ್ಧ ಸೀಟಿನಲ್ಲಿ ಕೂತಳು. ಎಡಬದಿಯನ್ನು ಖಾಲಿ ಬಿಟ್ಟಿದ್ದಳು. ಖಾಲಿ ಬಿಟ್ಟದ್ದಕ್ಕಿಂತ ಹೆಚ್ಚಾಗಿ, ಮತ್ತೊಬ್ಬರಿಗೆ ಜಾಗ ಸಾಲಲಿ ಎಂದು ಸರಿದು ಕೂತ ಹಾಗಿತ್ತು.

ಗೇರು ಬೆಣ್ಣೆಯಲ್ಲಿ ಕತ್ತಿಯಾಡಿಸಿದಂತೆ ಬೀಳುತ್ತಿತ್ತು. ಸದ್ದೇ ಇಲ್ಲ. ಆ ಸದ್ದಿಲ್ಲದಿರುವುದನ್ನು ಅವನಿಗೆ ಸಹಿಸಲಾಗಲಿಲ್ಲ. ಹಿಂದಿನಿಂದ ಬರುವ ಒಂದೊಂದು ಉಸಿರೂ ಕೇಳುತ್ತಿತ್ತು, ಮತ್ತು ಒಬ್ಬರ ಉಸಿರಿಗಿಂತ ಅದು ಹೆಚ್ಚೆನಿಸುತ್ತಿತ್ತು. ಕಂಕನಾಡಿಯ ಸ್ಟ್ಯಾಂಡಿನ ಮುಂದೆ ಹಾಯುವಾಗ ನೋಣಯ್ಯ ಬಾನೆಟಿನ ಮೇಲಿಂದ ಕೈಯೆತ್ತಿ ಬೀಸಿದ. 'ಓ ಬ್ಯಾರಿ, ಸಿಕ್ಕಿತಾ ಗೇರು? ಚಾ ಕುಡಿಸ್ಬೇಕು ನೋಡು,' ಎಂದು ಕೂಗಿದ. ಆಮೇಲೆ ಇಳಿಜಾರು. ಧೂಪದ ಮರ ಎದುರಿನಿಂದ ಏರಿ ಬರುವಂತೆ ಬಂತು. ಹಾಶಿಂ ನೋಡಬಾರದೆಂದುಕೊಂಡೇ ನೋಡಿದ. ಮರದ ಬುಡದಲ್ಲಿ ಏನೂ ಇರಲಿಲ್ಲ. ಯಾರೋ ಹಸು ಕಟ್ಟಿದ್ದರು.

'ಇಳಿಯುದಿಲ್ಲ ಅಂದಿದ್ದಳು,' ಎಂದಳು ಬಾಗಿ ಹಿಂದಿನಿಂದ.

ಅವನು ಕೇಳಿದ್ದ. ಅಂದೇ ಕೇಳಿದ್ದ. ಯಾನ್ ಜಪ್ಪುಜಿ. ನಾನು ಇಳಿಯುವುದಿಲ್ಲ. ಕಚ್ಚಿದ ಹಲ್ಲಿನ ನಡುವಿನಿಂದ, ಸಣ್ಣ ಮಗು ಹಟ ಮಾಡುವ ಹಾಗೆ. ದಿನಕ್ಕೆ ಎಷ್ಟು ಜನ ತನ್ನ ಕಾರು ಹತ್ತಿ ಇಳಿಯುತ್ತಾರೆ, ಯಾರೂ ಅವನಿಗೆ ಆ ಮಾತು ಹೇಳಿರಲಿಲ್ಲ. ಹುಟ್ಟಿದಂದಿನಿಂದ ಎಲ್ಲ ಕಡೆಯಿಂದಲೂ ಇಳಿಸಿಕೊಂಡು ಬಂದವಳು, ಒಂದೇ ಒಂದು ಸಲ ಮೆತ್ತನೆಯ ಸೀಟಿನಲ್ಲಿ ಕೂತು, ಪಟ್ಟಿ ಹಿಡಿದು, ಇಳಿಯುವುದಿಲ್ಲ ಎಂದಿದ್ದಳು.

'ಗೊತ್ತುಂಟು, ಅಬ್ಬೆ.'

'ನನಗೂ ಕೇಳಿತ್ತು,' ಎಂದಳು ಬಾಗಿ. 'ಗಾಳಿಗೆ ಅಂತ ನೀವು ಹೇಳಿದ್ದು ಸುಳ್ಳು ಅಂತ ನನಗೆ ಗೊತ್ತಾಗ್ಲಿಲ್ಲ ಅಂತ ಎಣಿಸಿದ್ರಾ? ಕಾರು ನಿಮ್ಮದು. ಇಳಿಸಿ ಅಂದ ಮೇಲೆ ಇಳಿಸುದೇ ಅಂತ ನಾನೂ ಅವಳ ಕಾಲು ಹಿಡಿದು ಎತ್ತಿದೆ. ನಮಗೆ ಹಾಗೇ ಅಭ್ಯಾಸ.'

ಅದರಲ್ಲಿ ಬೈಗಳಿರಲಿಲ್ಲ. ಕ್ಷಮೆಯೂ ಇರಲಿಲ್ಲ. ಪಂಪ್‌ವೆಲ್ ಹಿಂದೆ ಹೋಯಿತು. ಹಂಚಿನ ಕಾರ್ಖಾನೆಯ ಕೊಳವೆಯಿಂದ ಹೊಗೆ ನೆಟ್ಟಗೆ ಮೇಲೇರುತ್ತಿತ್ತು, ಮಣ್ಣು ಬೇಯುವ ವಾಸನೆ ಕಾರಿನೊಳಗೆ ತುಂಬಿತು. ಕೇರಿಗೆ ತಿರುಗುವ ದಾರಿಯಲ್ಲಿ ಕಾರು ಹೋಗುವುದಿಲ್ಲ. ಹಾಶಿಂ ರಸ್ತೆಯಲ್ಲೇ ನಿಲ್ಲಿಸಿದ. ಇಂಜಿನು ಆಫ್ ಮಾಡಲಿಲ್ಲ.

ಬಾಗಿ ತನ್ನ ಬದಿಯಿಂದ ಇಳಿದಳು. ಇಳಿದು ಹೋಗದೆ, ಕಾರಿನ ಹಿಂದಿನಿಂದ ಸುತ್ತಿ ಎಡಬದಿಗೆ ಬಂದು, ಆ ಬಾಗಿಲು ತೆರೆದಳು. ತೆರೆದು, ಬಾಗಿಲ ಅಂಚು ಹಿಡಿದು ನಿಂತಳು, ಒಳಗಿನಿಂದ ಇನ್ನೊಬ್ಬರು ಇಳಿಯುವುದಕ್ಕಿದೆ, ಅವರ ಮೈಗೆ ಆಗುವುದಿಲ್ಲ, ನಿಧಾನ ಬರಲಿ ಎಂಬಂತೆ. ಅವಳು ಒಳಗೆ ನೋಡುತ್ತಿರಲಿಲ್ಲ. ಮನೆಯ ಕಡೆ ನೋಡುತ್ತಿದ್ದಳು. ಹಿಂದಿನಿಂದ ಬಂದ ಪುತ್ತೂರಿನ ಬಸ್ಸು ಹಾರ್ನ್ ಹೊಡೆದು, ಕಾದು, ಬದಿಯಿಂದ ದಾಟಿ ಹೋಯಿತು. ಹಾಶಿಂ ಎದುರಿನ ಗಾಜಿನ ಆಚೆಗೆ ನೋಡುತ್ತ ಕೂತ. ಕನ್ನಡಿಯ ಕಡೆ ಕಣ್ಣು ಹೊರಳಿಸಲಿಲ್ಲ. ಎಷ್ಟು ಹೊತ್ತು ಹಾಗೆ ಕಾದರೋ ಇಬ್ಬರೂ. ಸೀಟಿನ ಸ್ಪ್ರಿಂಗು ಅಲುಗಲಿಲ್ಲ.

'ಇಳಿಯುದು ಬೇಡ,' ಎಂದ ಹಾಶಿಂ ಕೊನೆಗೆ. ಬಾಗಿಗಲ್ಲ. ತಿರುಗದೆ, ಭುಜದ ಮೇಲಿಂದ ಹಿಂದಕ್ಕೆ. 'ಕೂತುಕೋ.'

ಬಾಗಿ ಅವನ ಬೆನ್ನನ್ನು ನೋಡಿದಳು. ಆಮೇಲೆ ಬಾಗಿಲು ಮುಚ್ಚಿದಳು. ಎಳೆದು ಬಡಿಯಲಿಲ್ಲ, ಒಳಗೆ ಯಾರೋ ಮಲಗಿದ್ದಾರೆ, ಎಚ್ಚರವಾಗಬಾರದು ಎಂಬಂತೆ, ಎರಡೂ ಕೈಯಿಂದ ಒತ್ತಿ ಮುಚ್ಚಿದಳು.

ಹಾಶಿಂ ಒಂದನೇ ಗೇರಿಗೆ ಹಾಕಿದ. ಅದು ಸದ್ದಿಲ್ಲದೆ ಬಿತ್ತು.